96 ವೋಟು, 22 ಸಹಿ

ಈ ಸಲದ ಬರಹ ಸ್ವಲ್ಪ ಉದ್ದ ಆಗಿದೆ. ಗದ್ದೆಗೆ ನೀರು ಕಟ್ಟಿ ಬದುವಿನ ಮೇಲೆ ಕೂತಾಗ ಓದಿ, ಅವಸರ ಇಲ್ಲ. ಬೆಂಕಿ ರೋಗ, ಗೊಬ್ಬರ, ತಳಿ ಇವತ್ತು ಯಾವುದೂ ಇಲ್ಲ. ಹೋದ ಬೇಸಿಗೆ ಹಂಗಾಮಿನಲ್ಲಿ ನಮ್ಮ ಉಪನಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಗ್ರೂಪಿನಲ್ಲಿ ಇರೋರಿಗೆ ಅರ್ಧ ಕಥೆ ಗೊತ್ತು. ಉಳಿದರ್ಧ ಇಲ್ಲಿ ಬರೀತಿದ್ದೀನಿ.

ಹೊಸದಾಗಿ ಓದ್ತಿರೋರಿಗೆ ಎರಡು ಮಾತು. ನಮ್ಮದು ಭದ್ರಾ ಬಲದಂಡೆ ನಾಲೆಯ ಅಚ್ಚುಕಟ್ಟು. ಡ್ಯಾಮಿನ ಪೂರ್ಣ ಮಟ್ಟ 186 ಅಡಿ ಅನ್ನೋದು ನಮ್ಮ ಕಡೆ ಶಾಲೆ ಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಇವತ್ತೆಷ್ಟು ಅಡಿ ಅಂತ ಫೋನ್ ನೋಡೋ ಜನ ನಾವು. ಡ್ಯಾಮ್ ತುಂಬಿದ ವರ್ಷ ಯಾರ ಹತ್ರಾನೂ ಜಗಳ ಇಲ್ಲ. ತುಂಬದ ವರ್ಷ ಅಣ್ಣತಮ್ಮಂದಿರ ನಡುವೆನೂ ಗುದ್ದಲಿ ಏಳುತ್ತೆ.

ನಮ್ಮ ಉಪನಾಲೆಯಲ್ಲಿ ಮೇಲಿನ ತೂಬಿನವರದ್ದು ಈಗ ಬಹುಪಾಲು ಅಡಿಕೆ ತೋಟ. ನಡುವೆ ನಮ್ಮಂಥವರು, ಭತ್ತನೂ ಉಂಟು, ಅಲ್ಲಲ್ಲಿ ಎಳೆ ಅಡಿಕೆ ಸಸಿನೂ ಉಂಟು. ಕೊನೆ ಭಾಗದವರದ್ದು ಬರೀ ಭತ್ತ. ಅಲ್ಲಿ ಬೋರು ಹೊಡೆಸಿ ಸೋತವರೇ ಜಾಸ್ತಿ. ಹಾಗಾಗಿ ನಾಲೆ ನೀರು ಬಂದರೆ ಬೆಳೆ, ಇಲ್ಲಾಂದ್ರೆ ಮೇವು, ಅಷ್ಟೇ.

ನಾಲೆ ನೀರಿನ ಕೆಲಸ ನಿಮಗೆಲ್ಲ ಗೊತ್ತಿರೋದೇ, ಆದರೂ ಹೇಳ್ತೀನಿ, ಯಾಕಂದ್ರೆ ಇಡೀ ಜಗಳ ನಿಂತಿರೋದು ಅದರ ಮೇಲೆ. ಉಪನಾಲೆಯಲ್ಲಿ ನೀರು ಒಂದು ಗೇಣು ಕಮ್ಮಿ ಹರಿದರೂ ಮೇಲಿನ ತೂಬುಗಳು ತಮ್ಮ ಪಾಲು ಎಳ್ಕೊಳ್ತವೆ. ಕಮ್ಮಿ ಬಿದ್ದರೆ ಅಡ್ಡಕ್ಕೆ ಎರಡು ಮರಳಿನ ಚೀಲ ಇಟ್ಟರೆ ಆಯ್ತು, ಇಲ್ಲಾ ಮೋಟ್ರು ಇಟ್ಟರೆ ಆಯ್ತು. ಕೆಳಗೆ ಹೋದಂಗೆ ಮಟ್ಟ ಇಳೀತಾ ಬರುತ್ತೆ. ಕೊನೇ ತೂಬಿನ ಪೈಪು ನೀರಿನ ಮಟ್ಟಕ್ಕಿಂತ ಮೇಲೆ ಬಾಯಿ ಬಿಟ್ಕೊಂಡು ನಿಂತಿರುತ್ತೆ. ಪಕ್ಕದಲ್ಲೇ ನೀರು ಹರೀತಿರುತ್ತೆ, ಗದ್ದೆಗೆ ಮಾತ್ರ ಹತ್ತಲ್ಲ. ಹಂಗಾಗಿ ಕೊನೆ ಭಾಗಕ್ಕೆ ನೀರು ಮುಟ್ಟಿಸಬೇಕಂದ್ರೆ ಮೇಲಿನ, ನಡುವಿನ ತೂಬು ಕೆಲವು ಹೊತ್ತು ಬಂದ್ ಮಾಡಲೇಬೇಕು. ಅದೂ ಒಂದು ರಾತ್ರಿ ಸಾಲದು. ಒಣಗಿದ ನಾಲೆ ತಳ ಮೊದಲನೇ ರಾತ್ರಿಯ ನೀರನ್ನ ತಾನೇ ಕುಡಿದುಬಿಡುತ್ತೆ. ಎರಡನೇ ರಾತ್ರಿ ಗದ್ದೆ ಮುಟ್ಟುತ್ತೆ, ಮೂರನೇ ರಾತ್ರಿ ಗದ್ದೆ ತುಂಬುತ್ತೆ.

ಹೋದ ಬೇಸಿಗೆ ಮಾರ್ಚ್ ತಿಂಗಳು. ನೀರು ಕಮ್ಮಿ ಬಿಟ್ಟಿದ್ದರು. ಭತ್ತ ಹೊಡೆ ತುಂಬೋ ಹಂತ. ಆ ಹೊತ್ತಲ್ಲಿ ಗದ್ದೆ ಬಿರುಕು ಬಿಟ್ಟರೆ ತೆನೆ ಹೊರಗೆ ಬರುತ್ತೆ, ಒಳಗೆ ಕಾಳಿರಲ್ಲ, ಜೊಳ್ಳು. ದೂರದಿಂದ ನೋಡಿದರೆ ಬೆಳೆ ಚೆನ್ನಾಗೇ ಕಾಣುತ್ತೆ, ಕೈಯಲ್ಲಿ ಹಿಡಿದು ಹಿಚುಕಿದರೆ ಮಾತ್ರ ಗೊತ್ತಾಗೋದು. ಕೊನೆ ಭಾಗದ ಒಬ್ಬ ಹುಡುಗ ಗ್ರೂಪಿಗೆ ಬಿರುಕು ಬಿಟ್ಟ ಗದ್ದೆಯ ಫೋಟೋ ಹಾಕಿ, ಮೂರು ರಾತ್ರಿ ಮೇಲಿನ ತೂಬು ಬಂದ್ ಮಾಡಿಕೊಡ್ರಪ್ಪಾ ಅಂತ ಕೇಳಿದ. ಶುರುವಾಯ್ತು ನೋಡಿ. ಒಬ್ಬರು ಹೌದು ಅಂದ್ರು, ಒಬ್ಬರು ಹೋದ ವರ್ಷದ ಕಥೆ ತೆಗೆದ್ರು, ಇನ್ನೊಬ್ಬರು ನಡುವೆ ಶುಭೋದಯದ ಹೂವು ಹಾಕಿದ್ರು. ಒಂದೂವರೆ ತಾಸಿನಲ್ಲಿ ನೂರಾರು ಮೆಸೇಜು.

ನಾನು ಅಡ್ಮಿನ್. ಗಲಾಟೆ ನಿಲ್ಲಲಿ ಅಂತ ಒಂದು ಪೋಲ್ ಹಾಕಿದೆ. ನನಗಾಗ ಬಹಳ ಬುದ್ಧಿವಂತಿಕೆ ಕೆಲಸ ಮಾಡಿದೆ ಅನ್ನಿಸಿತ್ತು. ‘ರಾತ್ರಿ ಹೊತ್ತು ಮೇಲಿನ ಮತ್ತು ನಡುವಿನ ತೂಬು ಬಂದ್ ಮಾಡಬೇಕಾ?’ ಅಂತ ಪ್ರಶ್ನೆ. ಕೆಳಗೆ ಹೌದು, ಬೇಡ, ಎಲ್ಲರ ಅಭಿಪ್ರಾಯದಂತೆ ಅಂತ ಮೂರು ಸಾಲು. ಆ ಮೂರನೇ ಸಾಲು ಯಾಕೆ ಹಾಕಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಎಲ್ಲರ ಅಭಿಪ್ರಾಯ ಏನು ಅಂತ ಕೇಳೋಕೇ ತಾನೇ ಪೋಲ್ ಹಾಕಿದ್ದು! ಅದರಲ್ಲೂ ಒಂದಕ್ಕಿಂತ ಹೆಚ್ಚು ಉತ್ತರ ಒತ್ತಬಹುದು ಅನ್ನೋ ಬಟನ್ ತಾನಾಗೇ ಆನ್ ಇರುತ್ತೆ, ಅದನ್ನ ನಾನು ಆಫ್ ಮಾಡಿರಲಿಲ್ಲ. ನಾಲ್ಕು ಜನ ಹೌದೂ ಒತ್ತಿದ್ರು, ಬೇಡನೂ ಒತ್ತಿದ್ರು.

ಮಾರನೇ ದಿನ ಸಂಜೆ ಹೊತ್ತಿಗೆ ಬೇಡ 96, ಹೌದು 31, ಎಲ್ಲರ ಅಭಿಪ್ರಾಯದಂತೆ 18. ಗ್ರೂಪಿನಲ್ಲಿ ಇರೋದು 214 ಜನ. ನಾನು ಅದರ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಸೆಕ್ಷನ್ ಇಂಜಿನಿಯರ್ ಸಾಹೇಬ್ರಿಗೆ ಕಳಿಸಿ, ‘ರೈತರ ಅಭಿಪ್ರಾಯ ಹೀಗಿದೆ ಸರ್’ ಅಂತ ಬರೆದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಇಲ್ಲ. ನಾನೂ ಮರೆತೆ. ಪ್ರಜಾಪ್ರಭುತ್ವ ಮುಗೀತು, ಮಲಗಿದೆ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಆ 96ರಲ್ಲಿ ನಂದೂ ಒಂದು. ನನ್ನದು ನಡುವಿನ ತೂಬು. ರಾತ್ರಿ ಬಂದ್ ಆದ್ರೆ ನನ್ನ ಮೂರೂವರೆ ಎಕರೆಗೂ ಮೂರು ರಾತ್ರಿ ನೀರಿಲ್ಲ. ನನ್ನ ಗದ್ದೆಯಲ್ಲಿ ಆಗ ಕಣಕಾಲು ಮುಳುಗೋ ನೀರಿತ್ತು, ಮೂರು ರಾತ್ರಿ ಏನು, ಐದು ರಾತ್ರಿ ತಡೀತಿತ್ತು. ಆದರೂ ಬೇಡ ಅಂತ ಒತ್ತಿದೆ. ಯಾಕೆ ಅಂದ್ರೆ ಪ್ರಶ್ನೆ ನನ್ನ ಕೇಳಿದ್ದು ‘ನಿನಗೆ ಬೇಕಾ ಬೇಡವಾ’ ಅಂತ. ನನಗೆ ಬೇಡ. ಹೆಬ್ಬೆರಳು ಹೋಯ್ತು, ಒತ್ತಿತು. ಕೆಳಗಿನವರ ಗದ್ದೆ ಆ ಕ್ಷಣದಲ್ಲಿ ತಲೆಗೆ ಬರಲೇ ಇಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಕೊನೇ ತೂಬಿನ ದೊಡ್ಡಪ್ಪ ಮನೆಗೆ ಬಂದರು. ಸಂಬಂಧದಲ್ಲಿ ದೊಡ್ಡಪ್ಪ ಅಲ್ಲ, ನಮ್ಮಪ್ಪನ ಜೊತೆ ಒಂದೇ ಸಲ ನಾಟಿಗೆ ಇಳೀತಿದ್ದವರು, ಚಿಕ್ಕಂದಿನಿಂದ ಹಾಗೇ ಕರೆದದ್ದು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಎರಡು ಹಾಳೆ. ಮೊಮ್ಮಗಳ ಕೈಯಲ್ಲಿ ಬರೆಸಿದ್ದಂತೆ. ‘ತಮ್ಮಾ, ನೀನು ಬರೆಯೋ ಮನುಷ್ಯ. ಇದರಾಗ ಏನಾರ ತಪ್ಪೈತೇನು ನೋಡಿಕೊಡು’ ಅಂದರು.

ನೋಡಿದೆ. ಮೇಲೆ ಇವರಿಗೆ, ಇವರಿಂದ, ವಿಷಯ. ಕೊನೇ ಮೂರು ತೂಬಿನ ಗದ್ದೆಗಳಿಗೆ ಇಷ್ಟು ದಿನದಿಂದ ನೀರು ಮುಟ್ಟಿಲ್ಲ, ಬೆಳೆ ಹೊಡೆ ಹಂತದಲ್ಲಿದೆ, ಸತತ ಮೂರು ರಾತ್ರಿ ಮೇಲಿನ ಮತ್ತು ನಡುವಿನ ತೂಬು ಬಂದ್ ಮಾಡಿ ನೀರು ಕೊಡಿಸಬೇಕು. ಅಷ್ಟೇ. ಕೆಳಗೆ ಗೆರೆ ಹಾಕಿದ ಪಟ್ಟಿ: ಹೆಸರು, ಸರ್ವೆ ನಂಬರು, ಎಕರೆ ಗುಂಟೆ, ತೂಬಿನ ನಂಬರು, ಸಹಿ. 22 ಹೆಸರು. ಅದರಲ್ಲಿ 6 ಹೆಬ್ಬೆಟ್ಟು. ಶಾಯಿ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ನಾನು ಅಂದೆ, ‘ದೊಡ್ಡಪ್ಪ, ಗ್ರೂಪಿನಲ್ಲಿ ವೋಟಾಗಿದೆಯಲ್ಲ. 96 ಜನ ಬೇಡ ಅಂದಿದ್ದಾರೆ. ಈಗ 22 ಸಹಿ ತಗೊಂಡು ಹೋದ್ರೆ ಸಾಹೇಬ್ರು ಏನಂತಾರೆ?’

ಅವರು ಸಿಟ್ಟಾಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, ‘ನಾವೇನು ಎಲೆಕ್ಷನ್‌ಗೆ ನಿಂತಿಲ್ಲಪ್ಪಾ. ನೀರು ಕೇಳಾಕ ಹೊಂಟೀವಿ’ ಅಂದರು. ಆಮೇಲೆ ಕಾಗುಣಿತ ತಿದ್ದಿಸಿಕೊಂಡು ಕವರಿಗೆ ಹಾಕ್ಕೊಂಡರು. ನನ್ನ ಸಹಿ ಕೇಳಲಿಲ್ಲ. ಕೇಳಿದ್ದರೆ ಸುಲಭ ಇತ್ತು ನನಗೆ, ಹಾಕಬಹುದಿತ್ತು ಇಲ್ಲಾ ಏನೋ ನೆಪ ಹೇಳಬಹುದಿತ್ತು. ಕೇಳದೇ ಹೋದದ್ದು ಬಹಳ ಹೊತ್ತು ಕೊರೀತು.

ಆ ಮಧ್ಯಾಹ್ನ ಊಟ ಆದಮೇಲೆ ಪೋಲ್ ತೆಗೆದು, ಯಾರ್ಯಾರು ಏನು ಒತ್ತಿದ್ದಾರೆ ಅಂತ ನೋಡಿದೆ. ಗ್ರೂಪಿನಲ್ಲಿ ಹೆಸರು ಕಾಣುತ್ತಲ್ಲ. ನೋಟ್‌ಬುಕ್ ಇಟ್ಕೊಂಡು ಒಬ್ಬೊಬ್ಬರನ್ನೇ ಬರೆದೆ. 96ರಲ್ಲಿ ಮೇಲಿನ ತೂಬಿನವರು 41. ಸರಿ, ಅವರದ್ದು ಅವರಿಗೆ. ನನ್ನಂಗೆ ನಡುವಿನವರು 27. ಜಮೀನು ಗುತ್ತಿಗೆಗೆ ಕೊಟ್ಟು ದಾವಣಗೆರೆಯಲ್ಲೋ ಬೆಂಗಳೂರಲ್ಲೋ ಇರೋರು 17. ಇನ್ನು 11 ಜನಕ್ಕೆ ಈ ನಾಲೆಯಲ್ಲಿ ಒಂದು ಗುಂಟೆನೂ ಇಲ್ಲ: ಗೊಬ್ಬರದ ಅಂಗಡಿಯವರು, ಕಟಾವು ಮಿಷಿನ್ ಏಜೆಂಟು, ಬೇರೆ ನಾಲೆಯ ನಮ್ಮ ಬೀಗರು, ಹಳೇ ಮೇಷ್ಟ್ರು. ಬೀಗರಿಗೆ ಫೋನ್ ಮಾಡಿ ನೀವ್ಯಾಕೆ ಒತ್ತಿದ್ರಿ ಅಂದೆ. ‘ಪೋಲ್ ಬಂತು, ಒತ್ತಿದೆ, ತಪ್ಪಾಯ್ತೇನು?’ ಅಂದರು. ಅವರದ್ದೇನೂ ತಪ್ಪಿಲ್ಲ. ಮುಂದೆ ಪ್ರಶ್ನೆ ಇಟ್ಟವನು ನಾನು.

ಇನ್ನು ಆ ಕಡೆ. ಅರ್ಜಿಯಲ್ಲಿ ಸಹಿ ಹಾಕಿದ 22 ಮನೆಗಳಲ್ಲಿ ಗ್ರೂಪಿನಲ್ಲಿ ಇದ್ದದ್ದು 9 ನಂಬರು. ಉಳಿದವರ ಹತ್ರ ಬಟನ್ ಫೋನು, ಇಲ್ಲಾ ಮನೆಗೆಲ್ಲ ಒಂದೇ ದೊಡ್ಡ ಫೋನು, ಅದು ಮಗನ ಜೊತೆ ಪೇಟೆಯಲ್ಲಿ. ಅಂದ್ರೆ ಯಾರ ಗದ್ದೆ ಒಣಗ್ತಿತ್ತೋ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಪ್ರಶ್ನೆ ಮುಟ್ಟೇ ಇರಲಿಲ್ಲ. ನಾಲೆಯಲ್ಲಿ ಆಗಿದ್ದೇ ಗ್ರೂಪಿನಲ್ಲೂ ಆಗಿತ್ತು. ಮೇಲಿನವರಿಗೆ ಮೊದಲು, ಕೊನೆ ಭಾಗಕ್ಕೆ ಹತ್ತಲೇ ಇಲ್ಲ.

ಮಾರನೇ ದಿನ ನಾನೂ ಅವರ ಜೊತೆ ಕಚೇರಿಗೆ ಹೋದೆ. ಕರೆದಿರಲಿಲ್ಲ, ಗಾಡಿ ಇದೆ ಬರ್ರಿ ದೊಡ್ಡಪ್ಪ ಅಂತ ಹತ್ತಿಸ್ಕೊಂಡು ಹೋದೆ. ಸಾಹೇಬ್ರು ಅರ್ಜಿ ಪೂರ್ತಿ ಓದಿದರು. ಸರ್ವೆ ನಂಬರು ತಮ್ಮ ಪಟ್ಟಿ ಜೊತೆ ತಾಳೆ ನೋಡಿದರು. ಗುಮಾಸ್ತರು ಸೀಲು ಹೊಡೆದು, ನಂಬರು ದಿನಾಂಕ ಹಾಕಿ, ನಮ್ಮ ನಕಲು ಪ್ರತಿ ಮೇಲೂ ಸೀಲು ಒತ್ತಿ ಕೊಟ್ಟರು. ಆಗ ನಾನು ಸುಮ್ಮನಿರಲಾರದೆ, ‘ಸರ್, ಹೋದ ವಾರ ಪೋಲ್ ರಿಸಲ್ಟ್ ಕಳಿಸಿದ್ದೆ’ ಅಂದೆ.

ಅವರು ನಕ್ಕರು. ‘ನೋಡಿದೆ. ಅದರಲ್ಲಿ ನನಗೆ ಏನು ಮಾಡಿ ಅಂತ ಇತ್ತು? ಇಷ್ಟು ಜನ ಹೌದು, ಇಷ್ಟು ಜನ ಬೇಡ ಅಂತ ಇತ್ತು. ಯಾರು ಅಂತ ಇಲ್ಲ, ಯಾವ ತೂಬು ಅಂತ ಇಲ್ಲ, ಎಷ್ಟು ಎಕರೆ ಅಂತ ಇಲ್ಲ. ಫೋಟೋಗೆ ನಾನು ಏನಂತ ಉತ್ತರ ಬರೀಲಿ? ಇದಕ್ಕೆ ಬರೀಲೇಬೇಕು. ಆಗುತ್ತೆ ಅಂತಾದ್ರೂ ಬರೀಬೇಕು, ಆಗಲ್ಲ ಅಂತಾದ್ರೆ ಯಾಕೆ ಅಂತ ಬರೀಬೇಕು.’

ನನಗೆ ಅಲ್ಲೇ ಸ್ವಲ್ಪ ಸ್ವಲ್ಪ ಬಿಡಿಸ್ಕೊಂಡಿತು. ಪೋಲ್ ಅನ್ನೋದು ನಮ್ಮ ನಮ್ಮೊಳಗೆ ಕೇಳಿಕೊಳ್ಳೋ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದೂ ನಾವೇ, ಆ ಉತ್ತರದ ಪ್ರಕಾರ ನಡ್ಕೊಳ್ಳೋದೂ ನಾವೇ. ಅರ್ಜಿ ಹಂಗಲ್ಲ, ಅದಕ್ಕೊಂದು ವಿಳಾಸ ಇರುತ್ತೆ. ಕೊಡೋ ಅಧಿಕಾರ ಇರೋ ಒಬ್ಬರನ್ನ ಹೆಸರಿಡಿದು ಕೇಳೋದು. ಕೇಳೋಕೆ ಬಹುಮತ ಬೇಡ. ಒಬ್ಬನೇ ಇದ್ದರೂ ಕೇಳಬಹುದು. ನಮ್ಮ ವಿಧಾನಸಭೆಯಲ್ಲೂ ಅರ್ಜಿಗಳ ಸಮಿತಿ ಅಂತಾನೇ ಒಂದಿದೆ. ಎಲೆಕ್ಷನ್ ಆಗಿ ಬಹುಮತದ ಸರ್ಕಾರ ಬಂದಮೇಲೂ ಅಂಥದ್ದೊಂದು ಯಾಕೆ ಇಟ್ಟಿದ್ದಾರೆ ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ವೋಟಿನಲ್ಲಿ ಗೆಲ್ಲಲಾರದವರೂ ಬಂದು ಕೇಳಬೇಕಲ್ಲ, ಅದಕ್ಕೆ.

ಆದರೆ ಗ್ರೂಪಿನಲ್ಲಿ ಆ ರಾತ್ರಿ ಬೆಂಕಿ. ಸೀಲು ಬಿದ್ದ ಅರ್ಜಿ ಫೋಟೋ ಯಾರೋ ಹಾಕಿದ್ದರು. ‘96 ಜನ ಬೇಡ ಅಂದಮೇಲೂ 22 ಜನ ಹೋಗಿ ಅರ್ಜಿ ಕೊಟ್ಟರೆ ಪೋಲ್‌ಗೆ ಏನು ಬೆಲೆ?’ ‘ಅಡ್ಮಿನ್ನೇ ಜೊತೆಗೆ ಹೋಗ್ಯಾನ.’ ‘ನಾವೂ ಅರ್ಜಿ ಕೊಡ್ತೀವಿ, 200 ಸಹಿ ಹಾಕಿಸ್ತೀವಿ.’ ಇನ್ನೊಬ್ಬರು ಲೆಕ್ಕ ಬಿಡಿಸಿ ತೋರಿಸಿದ್ರು, 96ರಲ್ಲಿ 22 ಕಳೆದ್ರೂ 74 ಉಳೀತದೆ ಅಂತ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಕುಂಟೆ ಲೆಕ್ಕದಲ್ಲಿ ಕ್ವಿಂಟಾಲ್ ಕಳೆದಂಗೆ. ಅರ್ಜಿ ಹಾಳೆಯಲ್ಲಿ ಬೇಡ ಅನ್ನೋರಿಗೆ ಜಾಗವೇ ಇಲ್ಲ. ಅದು ಎಷ್ಟು ಜನ ಒಪ್ಪಿದ್ದಾರೆ ಅಂತ ಎಣಿಸೋ ಕಾಗದ ಅಲ್ಲ, ಯಾರಿಗೆ ತೊಂದರೆ ಆಗಿದೆ ಅಂತ ಹೇಳೋ ಕಾಗದ. ಅದರಲ್ಲಿ 22 ಅಂದ್ರೆ 22 ಒಣಗ್ತಿರೋ ಗದ್ದೆ. ಪೋಲ್‌ನಲ್ಲಿ 96 ಅಂದ್ರೆ 96 ಹೆಬ್ಬೆರಳು.

ಡಿಗ್ರಿ ಓದ್ತಿರೋ ಮಗಳಿಗೆ ಈ ಜಗಳ ಹೇಳಿದಾಗ ಅವಳು ಬ್ರಿಟನ್ ಕಥೆ ತೆಗೆದಳು. ಅಲ್ಲಿ 2016ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಅಂತ ಇಡೀ ದೇಶದ ಜನರ ವೋಟು ತಗೊಂಡ್ರಂತೆ. ಬಿಡಬೇಕು ಅಂದವರು ಸುಮಾರು 1 ಕೋಟಿ 74 ಲಕ್ಷ, ಇರಬೇಕು ಅಂದವರು 1 ಕೋಟಿ 61 ಲಕ್ಷ. ಆಮೇಲೆ 2019ರಲ್ಲಿ, ಬಿಡೋದನ್ನ ರದ್ದು ಮಾಡಿ ಅಂತ ಪಾರ್ಲಿಮೆಂಟಿನ ಅರ್ಜಿಗಳ ಜಾಲತಾಣದಲ್ಲಿ ಒಂದು ಅರ್ಜಿ ಬಿತ್ತು. 60 ಲಕ್ಷಕ್ಕೂ ಹೆಚ್ಚು ಸಹಿ. ಅಲ್ಲೂ ಇದೇ ಮಾತು: 60 ಲಕ್ಷ ದೊಡ್ಡದೋ, 1 ಕೋಟಿ 74 ಲಕ್ಷ ದೊಡ್ಡದೋ ಅಂತ. ಅಲ್ಲಿನ ನಿಯಮ ಏನಂದ್ರೆ ಅರ್ಜಿಗೆ 10 ಸಾವಿರ ಸಹಿ ಬಂದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತೆ, 1 ಲಕ್ಷ ಬಂದರೆ ಸದನದಲ್ಲಿ ಚರ್ಚೆಗೆ ತಗೊಳ್ಳೋ ಬಗ್ಗೆ ನೋಡುತ್ತಾರೆ. ಉತ್ತರವೂ ಬಂತು, ಚರ್ಚೆಯೂ ಆಯ್ತು. ಸರ್ಕಾರ ಒಪ್ಪಲಿಲ್ಲ, ಮಾರನೇ ವರ್ಷ ಒಕ್ಕೂಟ ಬಿಟ್ಟೇ ಬಿಟ್ಟರು. ‘ಅರ್ಜಿ ಹಾಕಿದೋರಿಗೆ ಉತ್ತರ ಸಿಗೋದು ಹಕ್ಕು ಅಪ್ಪಾ, ಗೆಲುವು ಸಿಗೋದಲ್ಲ’ ಅಂದಳು. ಇವಳ ಕಾಲೇಜ್ ಫೀಸು ಕಟ್ಟಿದ್ದು ಪೂರ್ತಿ ದಂಡ ಆಗಿಲ್ಲ.

ಅರ್ಜಿ ಅಂದ್ರೆ ದೇವರ ಪ್ರಸಾದ ಅಂತ ಮಾತ್ರ ತಿಳ್ಕೋಬೇಡಿ. ಅದರ ಆಟನೂ ನೋಡಿದ್ದೀನಿ. ಕೆಲವು ವರ್ಷದ ಹಿಂದೆ ನಮ್ಮೂರ ಬಸ್ ನಿಲ್ಲೋ ಜಾಗ ಶಾಲೆ ಹತ್ರ ಇರಲಿ ಅಂತ ಒಂದು ಅರ್ಜಿ, ದೇವಸ್ಥಾನದ ಹತ್ರನೇ ಇರಲಿ ಅಂತ ಇನ್ನೊಂದು ಅರ್ಜಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂವತ್ತು ನಲವತ್ತು ಜನ ಎರಡಕ್ಕೂ ಸಹಿ ಹಾಕಿದ್ದರು. ಕೇಳಿದರೆ, ‘ಮನೆ ಬಾಗಿಲಿಗೆ ಬಂದು ಕೇಳ್ತಾರೆ, ಇಲ್ಲ ಅನ್ನೋಕಾಗ್ತದಾ?’ ಬಾಗಿಲಿಗೆ ಬಂದವರಿಗೆ ನೀರು, ಬೆಲ್ಲ, ಸಹಿ ಇಲ್ಲ ಅನ್ನಬಾರದು ಅನ್ನೋದು ನಮ್ಮ ಕಡೆ ಪದ್ಧತಿ. ಫೋನಿಗೆ ಬರೋ ಸಹಿ ಅಭಿಯಾನದ ಲಿಂಕುಗಳೂ ಹಾಗೇ. ರೈತರಿಗೆ ನ್ಯಾಯ ಕೊಡಿಸಿ, ಬೆಂಬಲಿಸಿ, ಹತ್ತು ಗ್ರೂಪಿಗೆ ಕಳಿಸಿ ಅಂತ ಇರುತ್ತೆ. ನಾನೂ ಎಷ್ಟೋ ಒತ್ತಿದ್ದೀನಿ. ಯಾರಿಗೆ ಹೋಗುತ್ತೆ, ಏನು ಕೇಳಿದ್ದಾರೆ, ಯಾರು ಉತ್ತರ ಕೊಡಬೇಕು ಅಂತ ಓದಿರಲ್ಲ. ವಿಳಾಸ ಇಲ್ಲದ ಅರ್ಜಿ ಪೋಲ್‌ಗಿಂತ ಕಡೆ. ಪೋಲ್‌ನಲ್ಲಿ ಬೇಡ ಅನ್ನೋದಕ್ಕಾದ್ರೂ ಒಂದು ಸಾಲು ಇರುತ್ತೆ.

ಮೇಲಿನ ತೂಬಿನವರು 200 ಸಹಿ ಹಾಕಿಸ್ತೀವಿ ಅಂದಾಗ ನನಗೆ ಈ ಬಸ್ಸಿನ ಕಥೆನೇ ನೆನಪಾಗಿದ್ದು. ಅವರು ಹಾಕಿಸಿಯೂ ಹಾಕಿಸ್ತಿದ್ದರು. ನನ್ನ ಬಾಗಿಲಿಗೂ ಬರ್ತಿದ್ದರು.

ಸಾಹೇಬ್ರು ಎರಡು ದಿನದಲ್ಲಿ ದೊಡ್ಡಪ್ಪನಿಗೆ ಫೋನ್ ಮಾಡಿಸಿದರು. ಮೂರು ರಾತ್ರಿ ಕೊಡಬಹುದು, ಆದರೆ ಇಡೀ ನಾಲೆಗೆ ಇರೋದು ಒಬ್ಬ ಸೌಡಿ. ರಾತ್ರಿ ತೂಬು ಬಂದ್ ಮಾಡಿ ಅವನು ಆಚೆ ಹೋದ ಕೂಡಲೇ ಯಾರಾದ್ರೂ ಎತ್ತಿದರೆ? ಮೇಲಿನವರು, ನಡುವಿನವರು ಗಲಾಟೆ ಮಾಡಲ್ಲ ಅಂತ ಏನಾದ್ರೂ ಇದೆಯಾ? ದೊಡ್ಡಪ್ಪ ಏನಂತ ಹೇಳಬೇಕು. ಅವರು ನೀರು ಕೇಳಬಹುದು, ಬೇರೆಯವರ ಪರವಾಗಿ ಮಾತು ಕೊಡೋಕಾಗಲ್ಲ.

ಆಗ ನನಗೆ ಒಂದು ಹೊಳೀತು. ಕೊನೆ ಭಾಗದವರ ಅರ್ಜಿಗೆ ನಾನು ಸಹಿ ಹಾಕೋದು ಸರಿಯಲ್ಲ, ಗದ್ದೆ ಒಣಗಿರೋದು ನಂದಲ್ಲ. ಆದರೆ ನನ್ನ ತೂಬಿನ ಬಗ್ಗೆ ನಾನು ಬರೆದುಕೊಡಬಹುದಲ್ಲ. ಒಂದು ಹಾಳೆ ತಗೊಂಡು, ‘ಕೆಳಗೆ ಸಹಿ ಮಾಡಿದ ನಾವು ನಡುವಿನ ತೂಬಿನ ರೈತರು, ಸತತ ಮೂರು ರಾತ್ರಿ ನಮ್ಮ ತೂಬು ಬಂದ್ ಮಾಡಲು ನಮ್ಮ ಅಭ್ಯಂತರ ಇಲ್ಲ’ ಅಂತ ಬರೆದೆ. ಮೊದಲನೇ ಸಹಿ ನಂದು. ಆಮೇಲೆ ಪೋಲ್‌ನಲ್ಲಿ ಬೇಡ ಅಂದಿದ್ದ ನಡುವಿನ ಉಳಿದ 26 ಜನರ ಮನೆಗೆ ನಡೆದೆ. ಗ್ರೂಪಿನಲ್ಲಿ ಹಾಕಲಿಲ್ಲ. ಒಂದೊಂದು ಮನೆಯಲ್ಲೂ ಕೂತು, ನಿನ್ನ ಗದ್ದೆಯಲ್ಲಿ ಈಗ ಎಷ್ಟು ನೀರಿದೆ, ಮೂರು ರಾತ್ರಿ ತಡೀತದಾ ಅಂತ ಕೇಳಿದೆ. ಅದೇ ಜನ. ಪೋಲ್‌ನಲ್ಲಿ ಬೇಡ ಅಂದವರೇ. 19 ಜನ ಸಹಿ ಹಾಕಿದರು. ಬಾಗಿಲಿಗೆ ಬಂದಿದ್ದಾನೆ ಅಂತ ಹಾಕಿದವರೂ ಅದರಲ್ಲಿ ಇದ್ದಾರು, ಇಲ್ಲ ಅನ್ನಲ್ಲ. ಆದರೆ ಹಾಕೋ ಮುಂಚೆ ಒಬ್ಬೊಬ್ಬರೂ ಗದ್ದೆ ಲೆಕ್ಕ ಹಾಕಿದ್ದನ್ನ ನಾನು ನೋಡಿದೆ. 7 ಜನ ಆಗಲ್ಲ ಅಂದರು. ಇಬ್ಬರದ್ದು ಎತ್ತರದ ಗದ್ದೆ, ನಿಜವಾಗಿ ತಡೆಯಲ್ಲ. ಅವರಿಗೆ ಬೆಳಗಿನ ಹೊತ್ತು ಮೊದಲ ನೀರು ಅಂತ ಅದೇ ಹಾಳೆಯಲ್ಲಿ ಕೆಳಗೆ ಬರೆದೆವು.

ಮೇಲಿನ ತೂಬಿನವರ ಹತ್ರ ಹೋಗೋದು ಕಷ್ಟ ಆಯ್ತು. ಅವರ ಮಾತಲ್ಲೂ ನ್ಯಾಯ ಇಲ್ಲದಿಲ್ಲ. ಬೇಸಿಗೆಯಲ್ಲಿ ತೋಟ ಒಣಗಿದರೆ ಒಂದು ಬೆಳೆ ಹೋಗಲ್ಲ, ಹತ್ತು ಹದಿನೈದು ವರ್ಷ ಸಾಕಿದ ಮರ ಹೋಗುತ್ತೆ. ‘ನೀವು ಭತ್ತ ಇನ್ನೊಂದು ಸಲ ನಾಟಿ ಮಾಡಬಹುದು, ನಾವು ಮರ ನಾಟಿ ಮಾಡಿ ಮತ್ತೆ ಯಾವಾಗ ಕಾಯಿ ನೋಡಾದು?’ ಅಂದರು ಒಬ್ಬ ಗೌಡ್ರು. ಆದರೆ ಅವರಲ್ಲಿ ಬಹಳ ಜನಕ್ಕೆ ಬೋರೂ ಇದೆ, ಹನಿ ನೀರಾವರಿನೂ ಇದೆ. ಕೊನೆಗೆ ಅವರು ಸಹಿ ಹಾಕಲಿಲ್ಲ, ಆದರೆ ಅಡ್ಡನೂ ಬರಲ್ಲ, ರಾತ್ರಿ ಯಾವುದು ಅಂತ ನಾವು ಹೇಳ್ತೀವಿ ಅಂದರು.

ಅಲ್ಲಿ ಪೋಲ್ ಕೆಲಸಕ್ಕೆ ಬಂತು ನೋಡಿ. ಮೇಲಿನ ಮತ್ತು ನಡುವಿನ ತೂಬಿನವರನ್ನ ಮಾತ್ರ ಸೇರಿಸಿ ಬೇರೆ ಗ್ರೂಪು ಮಾಡಿದೆ. ಬಂದ್ ಮಾಡಬೇಕಾ ಬೇಡವಾ ಅಂತ ಕೇಳಲಿಲ್ಲ, ಅದು ತೀರ್ಮಾನ ಆಗಿತ್ತು. ಯಾವ ಮೂರು ರಾತ್ರಿ? ಸೋಮ ಮಂಗಳ ಬುಧ, ಇಲ್ಲಾ ಗುರು ಶುಕ್ರ ಶನಿ. ಒಂದೇ ಉತ್ತರ. ಯಾವುದು ಗೆದ್ದರೂ ಕೊನೆ ಭಾಗಕ್ಕೆ ನೀರು ಹೋಗುತ್ತೆ, ಯಾರೂ ಸೋಲಲ್ಲ. ಒಂದು ತಾಸಿನಲ್ಲಿ ಮುಗೀತು. ಸಂತೆ ದಿನ ತಪ್ಪಿಸಬೇಕು ಅಂತ ಗುರುವಾರದಿಂದ ಅಂತ ಬಂತು. ಯಾರೂ ಒಂದು ಮಾತು ಆಡಲಿಲ್ಲ.

ಗುರುವಾರ ರಾತ್ರಿ ಹತ್ತಕ್ಕೆ ಸೌಡಿ ಅಣ್ಣನ ಜೊತೆ ನಾವು ನಾಲ್ಕು ಜನ ಬ್ಯಾಟರಿ ಹಿಡ್ಕೊಂಡು ನಾಲೆ ದಂಡೆ ಮೇಲೆ ನಡೆದೆವು. ತೂಬು ಬಂದ್ ಮಾಡಿ, ಚೀಲ ತೆಗೆದು ದಂಡೆಗೆ ಹಾಕಿದೆವು. ಎರಡು ಕಡೆ ಯಾರೋ ಮತ್ತೆ ಎತ್ತಿದ್ದರು, ಹೆಸರು ಬೇಡ. ಮೊದಲನೇ ರಾತ್ರಿ ಹೇಳಿದ್ದೆನಲ್ಲ, ನಾಲೆನೇ ಕುಡೀತು. ಶುಕ್ರವಾರ ನಡುರಾತ್ರಿ ದಾಟಿದ ಮೇಲೆ ಕೊನೇ ತೂಬಿನ ಪೈಪಲ್ಲಿ ಗೊಳಗೊಳ ಸದ್ದು ಬಂತು. ದೊಡ್ಡಪ್ಪ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಎದ್ದು ಬರಲಿಲ್ಲ. ಕೂತಲ್ಲಿಂದಲೇ, ‘ಬಂತೇನು?’ ಅಂದರು.

ಎಲ್ಲ ಉಳೀತು ಅಂತ ಹೇಳಿದರೆ ಸುಳ್ಳಾಗುತ್ತೆ. ನಾನು ಪೋಲ್ ಹಾಕಿದ ದಿನದಿಂದ ನೀರು ಮುಟ್ಟಿದ ರಾತ್ರಿವರೆಗೆ ಹನ್ನೆರಡು ದಿನ. ದೊಡ್ಡಪ್ಪನ ನಾಲ್ಕು ಎಕರೆಯಲ್ಲಿ ತಡವಾಗಿ ನಾಟಿ ಮಾಡಿದ ಎರಡೂವರೆ ಎಕರೆ ಕಾಳು ಕಟ್ಟಿತು. ಮುಂಚೆ ನಾಟಿ ಮಾಡಿದ ಒಂದೂವರೆ ಎಕರೆ ಪೂರ್ತಿ ಜೊಳ್ಳು, ಕಟಾವು ಮಿಷಿನ್ ಬಾಡಿಗೆಗೂ ಸಾಲದು ಅಂತ ದನ ಬಿಟ್ಟು ಮೇಯಿಸಿದರು. ಅದನ್ನ ಅವರು ಯಾವತ್ತೂ ನನ್ನ ಮುಂದೆ ಎತ್ತಿಲ್ಲ. ಆ ಗದ್ದೆ ಪಕ್ಕದ ದಾರಿಯಲ್ಲಿ ನಾನು ಒಂದಿಷ್ಟು ದಿನ ಗಾಡಿ ಓಡಿಸಲಿಲ್ಲ.

ಈಗ ಮಳೆಗಾಲದ ಹಂಗಾಮು ಹತ್ರ ಬಂತು. ಸರದಿ ಗೊತ್ತುಮಾಡೋಕೆ ಈ ಭಾನುವಾರ ಸಂಜೆ 5ಕ್ಕೆ ನಡುವಿನ ತೂಬಿನ ಹತ್ರ ಹುಣಸೆ ಮರದ ಕೆಳಗೆ ಸೇರ್ತಿದ್ದೀವಿ. ಗ್ರೂಪಿನಲ್ಲೂ ಹಾಕ್ತೀನಿ, ಆದರೆ ಫೋನಿಲ್ಲದ ಮನೆಗೆ ಪಕ್ಕದ ಗದ್ದೆಯವರು ಹೋಗಿ ಬಾಯಲ್ಲಿ ಹೇಳಿ. ಗ್ರೂಪಿನ ಪಟ್ಟಿ ಸರಿ ಮಾಡ್ತಿದ್ದೀನಿ, ಹೆಸರಿನ ಮುಂದೆ ತೂಬಿನ ನಂಬರು ಹಾಕೊಳ್ಳಿ. ಈ ನಾಲೆಯಲ್ಲಿ ಜಮೀನು ಇಲ್ಲದವರು ಇರಿ, ಓದಿ, ಪೋಲ್ ಬಂದಾಗ ದಯವಿಟ್ಟು ಒತ್ತಬೇಡಿ, ಬೀಗರಿಗೂ ಹೇಳಿದ್ದೀನಿ. ಅರ್ಜಿ ಕೊಡೋರು ಎರಡು ಪ್ರತಿ ಮಾಡಿಸಿ, ಸರ್ವೆ ನಂಬರು, ತೂಬಿನ ನಂಬರು ಬರೀರಿ, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಎದ್ದು ಬರಬೇಡಿ. ಕೊನೇ ತೂಬಿನ ದೊಡ್ಡಪ್ಪನ ಮೊಮ್ಮಗಳು ಈಗ ಗ್ರೂಪಿನಲ್ಲಿ ಇದ್ದಾಳೆ. ಅಕ್ಷರ ಚೆನ್ನಾಗಿದೆ, ಬರೆಸಬೇಕಾದವರು ಅವಳನ್ನ ಕೇಳಿ. ಚಹಾಪುಡಿ ಸಕ್ಕರೆ ನಾನು ತರ್ತೀನಿ, ಹಾಲು ಯಾರಾದ್ರೂ ತನ್ನಿ.